ಹಳೆಯ ಹಿಮವಾಹನದ ಸೆಲ್ಫ್ ಮೋಟಾರ್: ಬದಲಿಸಬೇಕೇ, ಬಿಚ್ಚಿ ಸರಿಪಡಿಸಬೇಕೇ?

ಪ್ರಶ್ನೆ: “ನಾನು ಹನ್ನೊಂದು ವರ್ಷಗಳಿಂದ ಕೆನಡಾದ ಮ್ಯಾನಿಟೋಬಾದಲ್ಲಿದ್ದೇನೆ. ಹೋದ ವರ್ಷ ವಿನ್ನಿಪೆಗ್ ಸರೋವರದ ದಡದ ಮೀನುಗಾರ ಕುಟುಂಬವೊಂದರಿಂದ 1949ರ ಬೊಂಬಾರ್ಡಿಯರ್ ಬಿ12 ಹಿಮವಾಹನವನ್ನು ಕೊಂಡೆ. ಕ್ರೈಸ್ಲರ್ ಆರು ಸಿಲಿಂಡರ್ ಇಂಜಿನ್, 6 ವೋಲ್ಟ್, ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ಕಡೆಯೇ ಗಾಡಿಯ ಲೋಹಕ್ಕೆ ಜೋಡಣೆ). ಇಂಜಿನ್ ಒಮ್ಮೆ ಹತ್ತಿಕೊಂಡರೆ ಯಾವ ದೂರೂ ಇಲ್ಲ; ಹತ್ತಿಸುವುದೇ ಕಷ್ಟ. ಮೈನಸ್ 20 ಡಿಗ್ರಿಯ ಬೆಳಿಗ್ಗೆ ಸೆಲ್ಫ್ ಮೋಟಾರ್ ನರಳುತ್ತಾ ತಿರುಗುತ್ತದೆ. ಒಂದು ಗಂಟೆ ಓಡಿಸಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸೆಲ್ಫ್ ಹೊಡೆದರೆ ಬೆಳಿಗ್ಗೆಗಿಂತಲೂ ನಿಧಾನ. ಆಗಾಗ ಕರ್ರೆಂದು ಹಲ್ಲು ಉಜ್ಜಿದ ಸದ್ದು ಬಂದು ಇಂಜಿನ್ ತಿರುಗುವುದೇ ಇಲ್ಲ. ಮತ್ತೊಮ್ಮೆ ಹೊಡೆದರೆ ಸರಿಹೋಗುತ್ತದೆ. ಬ್ಯಾಟರಿಯನ್ನು ಎರಡು ಬಾರಿ ಬದಲಿಸಿದ್ದೇನೆ. ಹಿಂದಿನ ಮಾಲೀಕರು ಬ್ಯಾಟರಿ ಬೆಚ್ಚಗಿರಲೆಂದು ಅದನ್ನು ಕ್ಯಾಬಿನ್ನಿನ ಮುಂಭಾಗಕ್ಕೆ ಸರಿಸಿ, ಪಿಕಪ್ ಟ್ರಕ್ಕಿನ ಕೇಬಲ್ ಎಳೆದಿದ್ದಾರೆ. ತೀರಾ ಚಳಿ ಇದ್ದ ದಿನ ಟ್ರಕ್ಕಿನ 12 ವೋಲ್ಟ್ ಬ್ಯಾಟರಿಯಿಂದಲೇ ಸೆಲ್ಫ್ ಹೊಡೆಯುತ್ತಿದ್ದರಂತೆ. ಗೆಳೆಯರೊಬ್ಬರು ಇಡೀ ಗಾಡಿಯನ್ನು 12 ವೋಲ್ಟಿಗೆ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು, ನೆಗೆಟಿವ್ ಅರ್ತ್ ಮಾಡಿದರೆ ಮೋಟಾರ್ ಉಲ್ಟಾ ತಿರುಗುತ್ತದೆ, ಮುಟ್ಟಬೇಡಿ ಎನ್ನುತ್ತಾರೆ. ಅಂಗಡಿಯೊಂದರವರು ಈಗಿನ ಕಾಲದ ಗೇರ್ ರಿಡಕ್ಷನ್ ಮೋಟಾರ್ ಕೂರಿಸಿಕೊಡುವುದಾಗಿ ಹೇಳಿದ್ದಾರೆ. ಹಳೆಯ ಮೋಟಾರನ್ನೇ ಉಳಿಸಿಕೊಳ್ಳಬೇಕೆಂಬ ಆಸೆ ನನ್ನದು. ಆದರೆ ಮಕ್ಕಳನ್ನು ಕೂರಿಸಿಕೊಂಡು ಹೆಪ್ಪುಗಟ್ಟಿದ ಸರೋವರದ ಮೇಲೆ ಹೋಗುವ ಗಾಡಿ ಇದು. ಏನು ಮಾಡಲಿ?”

ಉತ್ತರ: ಮೋಟಾರ್ ಬದಲಿಸಬೇಕೇ, ಬಿಚ್ಚಿ ಸರಿಪಡಿಸಬೇಕೇ ಎಂದು ನೀವು ಕೇಳಿದ್ದೀರಿ. ಆದರೆ ನಿಮ್ಮ ಪತ್ರವನ್ನು ಎರಡು ಬಾರಿ ಓದಿದ ಮೇಲೆ ನನಗೆ ಕಾಣುತ್ತಿರುವುದು ಒಂದು ದೋಷವಲ್ಲ, ಮೂರು. ಕೇಬಲ್ ತೆಳ್ಳಗಿದೆ ಮತ್ತು ಉದ್ದವಾಗಿದೆ. ಮೋಟಾರಿನ ದಂಡವನ್ನು ಹಿಡಿದಿಡುವ ಬಳೆಗಳಾದ ಬುಷ್‌ಗಳು ಬಹುಮಟ್ಟಿಗೆ ಸವೆದಿವೆ. ಇಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿನ ಸುತ್ತ ಇರುವ ಹಲ್ಲಿನ ಬಳೆಗೆ, ಅಂದರೆ ರಿಂಗ್ ಗೇರಿಗೆ, ಪೆಟ್ಟು ಬಿದ್ದಿದೆ. ಇವುಗಳಲ್ಲಿ ಮೋಟಾರ್ ಬದಲಿಸುವುದರಿಂದ ನೀಗುವುದು ನಡುವಿನದೊಂದೇ. ಹೀಗಾಗಿ ಹೊಸ ಮೋಟಾರಿಗೆ ಹಣ ಕೊಡುವ ಮುನ್ನ ಒಂದು ಮಧ್ಯಾಹ್ನವನ್ನು ಅಳತೆಗೆ ಮೀಸಲಿಡಿ ಎಂದು ಕೇಳಿಕೊಳ್ಳುತ್ತೇನೆ. ಹಳೆಯ ವಾಹನಗಳ ಸೆಲ್ಫ್ ಮೋಟಾರ್ ಮತ್ತು ಡೈನಮೋ ದುರಸ್ತಿಯೇ ನನ್ನ ವೃತ್ತಿ. ನನ್ನ ಮೇಜಿನ ಮೇಲೆ ‘ಕೆಟ್ಟಿದೆ’ ಎಂದು ಬಂದಿಳಿಯುವ ಮೋಟಾರುಗಳಲ್ಲಿ ಹಲವು, ಸರಿಯಾದ ಬ್ಯಾಟರಿಗೆ ದಪ್ಪ ಕೇಬಲಿನಿಂದ ಜೋಡಿಸಿದೊಡನೆ ಚೆನ್ನಾಗಿಯೇ ತಿರುಗುತ್ತವೆ.

ಮೊದಲು ಚಳಿಯ ವಿಷಯ ನೋಡೋಣ, ಏಕೆಂದರೆ ಎಲ್ಲ ತಪ್ಪನ್ನೂ ಚಳಿಯ ತಲೆಗೆ ಕಟ್ಟುವುದು ಸುಲಭ. ಚಳಿಯಿಂದ ಮೋಟಾರಿಗೆ ನೇರವಾದ ತೊಂದರೆಯಿಲ್ಲ. ತಾಮ್ರ ತಣ್ಣಗಾದಂತೆ ಅದರ ರೋಧ ಪ್ರತಿ ಡಿಗ್ರಿಗೆ ಸುಮಾರು 0.4 ಪ್ರತಿಶತದಷ್ಟು ಇಳಿಯುತ್ತದೆ, ಅಂದರೆ ಸುರುಳಿಗಳ ಮಟ್ಟಿಗೆ ಚಳಿ ಅನುಕೂಲವೇ. ಚಳಿ ಕಾಡುವುದು ಬ್ಯಾಟರಿಯನ್ನು, ಇಂಜಿನ್ ಆಯಿಲನ್ನು ಮತ್ತು ಗ್ರೀಸನ್ನು. ಸೀಸ-ಆಮ್ಲದ ಬ್ಯಾಟರಿಯು ಬೇಸಿಗೆಯಲ್ಲಿ ಕೊಡುವ ಶಕ್ತಿಯಲ್ಲಿ ಮೈನಸ್ 18 ಡಿಗ್ರಿಗೆ ಸುಮಾರು 40 ಪ್ರತಿಶತ ಮಾತ್ರ ಉಳಿದಿರುತ್ತದೆ. ಅದೇ ಹೊತ್ತಿಗೆ ಗಟ್ಟಿಯಾದ ಆಯಿಲಿನಿಂದಾಗಿ ಇಂಜಿನ್ನನ್ನು ತಿರುಗಿಸಲು ಬೇಕಾಗುವ ಬಲ ಎರಡು ಪಟ್ಟಿಗೂ ಹೆಚ್ಚಾಗಿರುತ್ತದೆ. ಕೊಡುವ ಕೈ ಸೋತಾಗಲೇ ಕೇಳುವ ಬಾಯಿ ದೊಡ್ಡದಾಗುತ್ತದೆ. ನಿಮ್ಮ ಇಂಜಿನ್ನಿನಲ್ಲಿ ಒಂದೇ ದರ್ಜೆಯ ಎಸ್‌ಎಇ 30 ಆಯಿಲ್ ಇದ್ದರೆ ಚಳಿಗಾಲಕ್ಕೆ ಅದನ್ನು ತೆಗೆದು ಚಳಿಯಲ್ಲೂ ತೆಳುವಾಗಿ ಹರಿಯುವ 5ಡಬ್ಲ್ಯು-30 ಹಾಕಿ, ಇಂಜಿನ್ನನ್ನು ವಿದ್ಯುತ್ತಿನಿಂದ ಬೆಚ್ಚಗಿಡುವ ಬ್ಲಾಕ್ ಹೀಟರ್ ಇಲ್ಲದಿದ್ದರೆ ಅಳವಡಿಸಿ. ಬೆಳಗಿನ ನರಳಾಟದ ಒಂದು ಪಾಲು ಇಷ್ಟಕ್ಕೇ ಕಡಿಮೆಯಾಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಾಕ್ಯ ಬೇರೆ. ಒಂದು ಗಂಟೆ ಓಡಿಸಿದ ಮೇಲೆ ಮೋಟಾರ್ ಇನ್ನೂ ನಿಧಾನವಾಗುತ್ತದೆ ಎಂದಿದ್ದೀರಿ. ಆಗ ಆಯಿಲ್ ನೀರಾಗಿರುತ್ತದೆ, ಬ್ಯಾಟರಿಗೆ ಚಾರ್ಜ್ ಸಿಕ್ಕಿರುತ್ತದೆ, ಇಂಜಿನ್ ಹಗುರವಾಗಿ ತಿರುಗಬೇಕು. ತಿರುಗುತ್ತಿಲ್ಲವೆಂದರೆ ಚಳಿಯೊಂದೇ ಕಾರಣವೆಂಬ ವಾದ ಅಲ್ಲಿಗೆ ಮುಗಿಯಿತು. ಬಿಸಿಯಾದಾಗ ಹೆಚ್ಚಾಗುವ ತೊಂದರೆಗೆ ಸಾಮಾನ್ಯವಾಗಿ ಎರಡು ಮೂಲಗಳಿರುತ್ತವೆ. ಒಂದು, ಮೊದಲೇ ಹೆಚ್ಚು ರೋಧವಿರುವ ಕೇಬಲ್ ಅಥವಾ ಜೋಡಣೆ, ಅದರ ಮೇಲೆ ಬಿಸಿಯಿಂದ ಸುರುಳಿಗಳ ರೋಧವೂ ಸೇರಿಕೊಳ್ಳುವುದು. ಇನ್ನೊಂದು, ಸವೆದ ಬುಷ್‌ಗಳಲ್ಲಿ ಮೋಟಾರಿನೊಳಗೆ ತಿರುಗುವ ಭಾಗವಾದ ಆರ್ಮೇಚರ್ ಕೆಳಕ್ಕೆ ಕುಸಿದು, ಸುತ್ತಲಿನ ಕಬ್ಬಿಣದ ಪೋಲ್‌ಗಳಿಗೆ ಉಜ್ಜುತ್ತಾ ತಿರುಗುವುದು. ಆರ್ಮೇಚರ್ ಮತ್ತು ಪೋಲ್‌ಗಳ ನಡುವಿನ ಸಂದು ಬಹಳ ಕಿರಿದು. ಬಿಸಿಗೆ ಲೋಹ ಹಿಗ್ಗಿದಾಗ ಇರುವ ಅಲ್ಪ ಸಂದೂ ಮುಚ್ಚಿಹೋಗಿ, ಮೋಟಾರ್ ತನ್ನನ್ನೇ ತಾನು ಬ್ರೇಕ್ ಹಿಡಿದಂತೆ ಆಗುತ್ತದೆ.

ಇನ್ನು ಕೇಬಲ್ಲಿನ ಲೆಕ್ಕ. ಇದನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ 6 ವೋಲ್ಟಿನ ಗಾಡಿಗಳಿಗೆ ಬಂದಿರುವ ಕೆಟ್ಟ ಹೆಸರಿನ ಬಹುಪಾಲು ಇಲ್ಲಿಂದ ಹುಟ್ಟಿದ್ದು. ಅದೇ ಕೆಲಸ ಮಾಡಿಸಲು 6 ವೋಲ್ಟಿನಲ್ಲಿ 12 ವೋಲ್ಟಿಗಿಂತ ಎರಡರಷ್ಟು ಕರೆಂಟ್ ಹರಿಯಬೇಕು. ಸಾಮಾನ್ಯ ಟ್ರಕ್ಕಿನ 4 ಗೇಜ್ ಕೇಬಲಿನ ತಾಮ್ರ ಸುಮಾರು 21 ಚದರ ಮಿಲಿಮೀಟರ್. ಬ್ಯಾಟರಿ ಮುಂದೆ, ಇಂಜಿನ್ ಹಿಂದೆ. ಕರೆಂಟ್ ಹೋಗುವ ದಾರಿ, ಮರಳುವ ದಾರಿ ಎರಡೂ ಸೇರಿ 5 ಮೀಟರ್ ಎಂದು ಹಿಡಿದು, 300 ಆಂಪಿಯರ್ ಹರಿಯಿತೆಂದುಕೊಂಡರೆ, ಆ ತಂತಿಯಲ್ಲೇ ಸುಮಾರು 1.2 ವೋಲ್ಟ್ ಕರಗಿಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಬಾಯಲ್ಲೇ ಉಳಿದಿರುವುದು 5 ವೋಲ್ಟ್ ಆಸುಪಾಸು. ಅದರಲ್ಲಿ ನಾಲ್ಕನೆಯ ಒಂದು ಪಾಲು ಮೋಟಾರನ್ನು ತಲುಪುವುದೇ ಇಲ್ಲ. ಇದೇ ಕೇಬಲ್ ಟ್ರಕ್ಕಿನಲ್ಲಿ 150 ಆಂಪಿಯರ್ ಹೊತ್ತು 0.6 ವೋಲ್ಟ್ ಕಳೆದಾಗ, 10 ವೋಲ್ಟಿನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. 6 ವೋಲ್ಟಿಗೆ ಬೇಕಾದದ್ದು 67 ಚದರ ಮಿಲಿಮೀಟರಿನ, 2/0 ಗೇಜ್ ಎಂದು ಮಾರುವ ದಪ್ಪ ಕೇಬಲ್. ಅದನ್ನು ಹಾಕಿ, ಬ್ಯಾಟರಿಯನ್ನು ಮತ್ತೆ ಇಂಜಿನ್ ಬಳಿಗೆ ತಂದು ಒಟ್ಟು ದಾರಿಯನ್ನು 2 ಮೀಟರಿಗೆ ಇಳಿಸಿದರೆ, ನಷ್ಟ 0.15 ವೋಲ್ಟಿಗೆ ಬಂದು ನಿಲ್ಲುತ್ತದೆ. ಬ್ಯಾಟರಿ ಬೆಚ್ಚಗಿರಲಿ ಎಂಬ ಹಿಂದಿನ ಮಾಲೀಕರ ಕಾಳಜಿ ಸರಿಯಾದದ್ದೇ, ಆದರೆ ಅದಕ್ಕೆ ಬ್ಯಾಟರಿಗೆ ಸುತ್ತುವ ವಿದ್ಯುತ್ ಹೊದಿಕೆ ಸಾಕು. ಬ್ಲಾಕ್ ಹೀಟರಿನ ಜೊತೆಗೇ ಅದನ್ನೂ ಪ್ಲಗ್ಗಿಗೆ ಸಿಕ್ಕಿಸಬಹುದು.

ಬಿ12ರಲ್ಲಿ ಮರೆಯಬಾರದ ಸಂಗತಿ ಇನ್ನೊಂದಿದೆ. ಕ್ವಿಬೆಕ್‌ನ ವಾಲ್ಕೂರ್ ಪಟ್ಟಣದಲ್ಲಿ ಜೋಸೆಫ್ ಅರ್ಮಾಂ ಬೊಂಬಾರ್ಡಿಯರ್ ಅವರು 1942ರಿಂದ ತಯಾರಿಸಿದ ಈ ಗಾಡಿಯ ಮೈ ಪ್ಲೈವುಡ್ಡಿನದು. ಉಕ್ಕಿನ ಕಾರಿನಲ್ಲಿ ಅರ್ತ್ ತಂತಿ ಸಡಿಲವಾದರೂ ಕರೆಂಟ್ ಮೈಯ ಲೋಹದ ಮೂಲಕ ಹೇಗೋ ದಾರಿ ಮಾಡಿಕೊಳ್ಳುತ್ತದೆ. ಮರದ ಮೈಯಲ್ಲಿ ಆ ಬದಲಿ ದಾರಿ ಇಲ್ಲ. ಬ್ಯಾಟರಿಯಿಂದ ಅಡಿಗಟ್ಟಿನ ತುಕ್ಕು ಹಿಡಿದ ಬೋಲ್ಟಿಗೆ, ಅಲ್ಲಿಂದ ರಬ್ಬರ್ ಮೌಂಟಿನ ಮೇಲೆ ಕುಳಿತ ಇಂಜಿನ್ನಿಗೆ ತೆಳ್ಳನೆಯ ಪಟ್ಟಿ ಹೀಗೆ ಸುತ್ತಿ ಬರುವ ಅರ್ತ್ ನಿಮ್ಮಲ್ಲಿದ್ದರೆ, ಅದನ್ನು ಕಿತ್ತುಹಾಕಿ ಬ್ಯಾಟರಿಯಿಂದ ನೇರವಾಗಿ ಮೋಟಾರ್ ಕೂರುವ ಬೆಲ್ ಹೌಸಿಂಗಿನ (ಫ್ಲೈವೀಲನ್ನು ಮುಚ್ಚುವ ಲೋಹದ ಕವಚದ) ಬೋಲ್ಟಿಗೇ ಒಂದು 2/0 ಕೇಬಲ್ ಕೊಡಿ. ಅಡಿಗಟ್ಟಿಗೆ ಪ್ರತ್ಯೇಕವಾಗಿ ಇನ್ನೊಂದು ತಂತಿ ಇರಲಿ, ದೀಪಗಳಿಗೆ ಅದು ಬೇಕು.

ಈಗ ಅಳತೆ. ಇಂಜಿನ್ ಹತ್ತಿಕೊಳ್ಳದಂತೆ ಕಾಯಿಲಿನ ನಡುವಿನ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರಿನಿಂದ ತೆಗೆದು ಇಂಜಿನ್ನಿನ ಲೋಹಕ್ಕೆ ತಾಗಿಸಿ ಕಟ್ಟಿಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸುತ್ತಾ ಮೂರು ಕಡೆ ನೋಡಿ. ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ: ಸುಮಾರು 20 ಡಿಗ್ರಿ ಬೆಚ್ಚಗಿನ ಗ್ಯಾರೇಜಿನಲ್ಲಿ 4.8 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಎರಡನೆಯದು, ಬ್ಯಾಟರಿಯ ನೆಗೆಟಿವ್ ಕಂಬದಿಂದ ಮೋಟಾರಿನ ಮೇಲಿನ ತಾಮ್ರದ ಬೋಲ್ಟಿಗೆ. ಮೂರನೆಯದು, ಮೋಟಾರಿನ ಮೈಯಿಂದ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ. ಮೀಟರಿನ ಮುಳ್ಳನ್ನು ಕ್ಲ್ಯಾಂಪಿಗೆ ಹಿಡಿಯದೆ ಸೀಸದ ಕಂಬಕ್ಕೇ ಚುಚ್ಚಿ, ಇಲ್ಲವಾದರೆ ಕಂಬ ಮತ್ತು ಕ್ಲ್ಯಾಂಪಿನ ನಡುವಿನ ಕೊಳೆ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಎರಡನೆಯ ಮತ್ತು ಮೂರನೆಯ ಅಳತೆಗಳ ಮೊತ್ತ ಅರ್ಧ ವೋಲ್ಟ್ ದಾಟಿದರೆ ದೋಷ ದಾರಿಯಲ್ಲಿದೆ. ನಿಮ್ಮಲ್ಲಿ ಅದು ಒಂದು ವೋಲ್ಟನ್ನೂ ದಾಟುತ್ತದೆ ಎಂದು ನನ್ನ ಅಂದಾಜು.

ಕೇಬಲ್ ಸರಿಪಡಿಸಿದ ಮೇಲೂ ಮೋಟಾರ್ ನಿಧಾನವಾದರೆ, ಡಿಸಿ ಅಳೆಯಬಲ್ಲ ಕ್ಲ್ಯಾಂಪ್ ಮೀಟರ್ ತಂದು ಕರೆಂಟ್ ನೋಡಿ. ಮನೆಯ ವೈರಿಂಗಿಗೆ ಬಳಸುವ ಎಸಿ ಮಾತ್ರದ ಮೀಟರ್ ಇಲ್ಲಿ ಏನನ್ನೂ ತೋರಿಸುವುದಿಲ್ಲ. ನಿಧಾನವಾಗಿ ತಿರುಗುತ್ತಾ ಕಡಿಮೆ ಕರೆಂಟ್ ಎಳೆದರೆ ಮೋಟಾರಿನೊಳಗೆ ರೋಧ ಹೆಚ್ಚಿದೆ: ಆರ್ಮೇಚರಿಗೆ ಕರೆಂಟ್ ದಾಟಿಸುವ ಕಾರ್ಬನ್ (ಬ್ರಷ್) ಸವೆದಿರಬಹುದು, ಅದು ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಯಾದ ಕಮ್ಯುಟೇಟರ್ ಕೊಳೆಯಾಗಿರಬಹುದು, ಒಳಗಿನ ಬೆಸುಗೆ ಬಿಟ್ಟಿರಬಹುದು. ನಿಧಾನವಾಗಿ ತಿರುಗುತ್ತಾ ವಿಪರೀತ ಕರೆಂಟ್ ಎಳೆದರೆ ಒಳಗೆ ಉಜ್ಜಾಟವಿದೆ, ಇಲ್ಲವೇ ಸುರುಳಿ ಶಾರ್ಟ್ ಆಗಿದೆ, ಅದೂ ಅಲ್ಲದಿದ್ದರೆ ಇಂಜಿನ್ನೇ ಬಿಗಿಯಾಗಿದೆ. ಕೊನೆಯದನ್ನು ತಳ್ಳಿಹಾಕಲು ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಇಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿ.

ನಿಮ್ಮ ಗೆಳೆಯರ ಮಾತುಗಳಿಗೆ ಬರುತ್ತೇನೆ. ಪಾಸಿಟಿವ್ ಅರ್ತನ್ನು ನೆಗೆಟಿವ್ ಮಾಡಿದರೆ ಮೋಟಾರ್ ಉಲ್ಟಾ ತಿರುಗುತ್ತದೆ ಎಂಬುದು ನಿಮ್ಮ ಹಳೆಯ ಮೋಟಾರಿನ ಮಟ್ಟಿಗೆ ಸುಳ್ಳು. ಅದರಲ್ಲಿ ಕಾಂತಶಕ್ತಿಯನ್ನು ಹುಟ್ಟಿಸುವ ಫೀಲ್ಡ್ ಕಾಯಿಲ್‌ಗಳೂ ತಿರುಗುವ ಆರ್ಮೇಚರೂ ಒಂದೇ ಸಾಲಿನಲ್ಲಿವೆ. ಕರೆಂಟಿನ ದಿಕ್ಕು ಬದಲಾದಾಗ ಎರಡರದ್ದೂ ಒಟ್ಟಿಗೆ ಬದಲಾಗುವುದರಿಂದ ತಿರುಗುವ ದಿಕ್ಕು ಹಾಗೆಯೇ ಉಳಿಯುತ್ತದೆ. ಆದರೆ ಈ ಮಾತಿಗೆ ಒಂದು ಆಧಾರ ಬೇರೆ ಕಡೆ ಇದೆ, ಅದನ್ನು ನೀವು ಗಮನಿಸಲೇಬೇಕು: ಶಾಶ್ವತ ಆಯಸ್ಕಾಂತ ಬಳಸುವ ಈಗಿನ ಅನೇಕ ಗೇರ್ ರಿಡಕ್ಷನ್ ಮೋಟಾರುಗಳಲ್ಲಿ ಆಯಸ್ಕಾಂತದ ದಿಕ್ಕು ಬದಲಾಗುವುದಿಲ್ಲ, ಆದ್ದರಿಂದ ಅವು ನಿಜಕ್ಕೂ ಉಲ್ಟಾ ತಿರುಗುತ್ತವೆ. ಅಂಗಡಿಯವರು ಕೂರಿಸುತ್ತೇವೆಂದ ಮೋಟಾರ್ ಆ ಬಗೆಯದಾದರೆ, ನಿಮ್ಮ ಪಾಸಿಟಿವ್ ಅರ್ತಿನಲ್ಲಿ ಅದು ಇಂಜಿನ್ನನ್ನು ಹತ್ತಿಸಲಾರದು.

12 ವೋಲ್ಟಿಗೆ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂಜಿನ್ ಜೋರಾಗಿ ತಿರುಗುವುದು ನಿಜ. 6 ವೋಲ್ಟಿನ ಮೋಟಾರ್ 12 ವೋಲ್ಟಿನಲ್ಲಿ ಒಡನೆಯೇ ಸುಟ್ಟುಹೋಗುವುದಿಲ್ಲ ಎಂಬುದೂ ನಿಜ. ಕೆಲವೇ ಸೆಕೆಂಡುಗಳ ಕೆಲಸವಾದ್ದರಿಂದ ಸುರುಳಿಗಳು ತಾಳಿಕೊಳ್ಳುತ್ತವೆ. ತಾಳಿಕೊಳ್ಳಲಾರದ್ದು ಹಲ್ಲುಗಳು. ಮೊದಲ ಕ್ಷಣದಲ್ಲಿ ದುಪ್ಪಟ್ಟಿಗೆ ಹತ್ತಿರವಾದ ಕರೆಂಟ್ ನುಗ್ಗಿ, ಈ ಬಗೆಯ ಮೋಟಾರಿನ ತಿರುಚುಬಲ ದುಪ್ಪಟ್ಟನ್ನೂ ಮೀರಿ ಏರುತ್ತದೆ. ಮೋಟಾರಿನ ತುದಿಯ ಸಣ್ಣ ಗೇರಾದ ಪಿನಿಯನ್ ರಿಂಗ್ ಗೇರಿನೊಳಗೆ ಪೂರ್ತಿ ಸರಿಯುವ ಮೊದಲೇ ಹೊಡೆತ ಬಿದ್ದು ರಿಂಗ್ ಗೇರಿನ ಹಲ್ಲಿನ ಅಂಚು ಮುರಿಯುತ್ತದೆ, ಪಿನಿಯನ್ನನ್ನು ಮುಂದಕ್ಕೆ ಸರಿಸುವ ತಿರುಪಿನ ಸಾಧನವಾದ ಬೆಂಡಿಕ್ಸಿನ ಸ್ಪ್ರಿಂಗ್ ತುಂಡಾಗುತ್ತದೆ, ಕೆಲವೊಮ್ಮೆ ಮೋಟಾರಿನ ಎರಕದ ಮೂತಿಯೇ ಬಿರುಕು ಬಿಡುತ್ತದೆ. ಟ್ರಕ್ಕಿನ ಬ್ಯಾಟರಿಯಿಂದ ಹೊಡೆದ ಆ ಚಳಿಗಾಲಗಳ ಗುರುತೇ ನೀವು ಕೇಳುತ್ತಿರುವ ಕರ್ರೆಂಬ ಸದ್ದು ಎಂದು ನನಗೆ ಬಲವಾಗಿ ಅನಿಸುತ್ತದೆ. ಮತ್ತೆ 12 ವೋಲ್ಟ್ ಎಂದರೆ ಡೈನಮೋ, ರೆಗ್ಯುಲೇಟರ್, ಇಗ್ನಿಷನ್ ಕಾಯಿಲ್, ಸೊಲೆನಾಯ್ಡ್, ಬಲ್ಬುಗಳು, ಹೀಟರಿನ ಫ್ಯಾನ್ ಎಲ್ಲವನ್ನೂ ಬದಲಿಸಬೇಕು ಅಥವಾ ಹೊಂದಿಸಬೇಕು. ತೆಳ್ಳನೆಯ ಕೇಬಲಿನ ಕಾಯಿಲೆಗೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಡ ಎಂಬುದು ನನ್ನ ಅಭಿಪ್ರಾಯ.

ಈಗ ಮೋಟಾರನ್ನು ಬಿಚ್ಚುವ ಮಾತು. ಅದನ್ನು ಮುಟ್ಟುವ ಮುನ್ನ ಬ್ಯಾಟರಿಯ ಅರ್ತ್ ಕೇಬಲನ್ನು ಮೊದಲು ತೆಗೆಯಬೇಕು. ನಿಮ್ಮ ಗಾಡಿಯಲ್ಲಿ ಅದು ಪಾಸಿಟಿವ್ ಕಡೆಯದು. ಈಗಿನ ಕಾರುಗಳ ರೂಢಿಯಲ್ಲಿ ನೆಗೆಟಿವ್ ಮೊದಲು ಬಿಚ್ಚಿದರೆ, ಸ್ಪ್ಯಾನರ್ ಅಡಿಗಟ್ಟಿಗೆ ತಾಗಿದ ಕೂಡಲೇ ಕಿಡಿ ಹಾರುತ್ತದೆ, ಮುಚ್ಚಿದ ಇಂಜಿನ್ ಗೂಡಿನಲ್ಲಿ ಪೆಟ್ರೋಲಿನ ಆವಿಯೂ ಇರುತ್ತದೆ. ಮೋಟಾರ್ ಹೊರಬಂದ ಮೇಲೆ ಕಾಣುವ ರಂಧ್ರದೊಳಗೆ ಕಂಪ್ರೆಸರಿನ ಗಾಳಿ ಊದಬೇಡಿ. ಆ ಕಾಲದ ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅಲ್ಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಬಿಚ್ಚಿದಾಗ ನೋಡಬೇಕಾದ ಮೊದಲ ಜಾಗ ಆರ್ಮೇಚರಿನ ಹೊರಮೈ. ಅಲ್ಲಿ ಹೊಳೆಯುವ ಉಜ್ಜಿದ ಗೆರೆಗಳಿದ್ದರೆ, ಅದಕ್ಕೆ ಸರಿಯಾಗಿ ಒಂದು ಪೋಲಿನ ಮೇಲೂ ಗೀರು ಇದ್ದರೆ, ಬುಷ್ ಸವೆದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೊಸ ಬುಷ್ ಸಾಮಾನ್ಯವಾಗಿ ಆಯಿಲ್ ಹೀರಿಕೊಳ್ಳುವ ರಂಧ್ರಯುಕ್ತ ಕಂಚಿನದು. ಅದನ್ನು ಒಂದು ರಾತ್ರಿಯಿಡೀ ಶುದ್ಧ ಇಂಜಿನ್ ಆಯಿಲಿನಲ್ಲಿ ಮುಳುಗಿಸಿಟ್ಟು, ಸರಿಯಾದ ಅಳತೆಯ ಗುಂಡನೆಯ ಸಾಧನದಿಂದ ಒತ್ತಿ ಕೂರಿಸಬೇಕು. ಒಳಗನ್ನು ರೀಮರ್ ಹಾಕಿ ಕೊರೆದರೆ ಕಂಚಿನ ಸಣ್ಣ ರಂಧ್ರಗಳು ಮುಚ್ಚಿಹೋಗಿ ಆಯಿಲ್ ಹೊರಬರುವುದಿಲ್ಲ. ಇದೊಂದು ಸಣ್ಣ ಭಾಗ, ಬಹಳ ಅಗ್ಗದ ಭಾಗ, ಆದರೆ ಮೋಟಾರಿನ ಆಯುಸ್ಸು ನಿಂತಿರುವುದು ಇದರ ಮೇಲೆಯೇ.

ನಂತರ ಕಮ್ಯುಟೇಟರ್. ಸಮನಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಆರೋಗ್ಯದ ಲಕ್ಷಣ. ತಗ್ಗು ಬಿದ್ದಿದ್ದರೆ ಲೇತಿನಲ್ಲಿ ಅತಿ ತೆಳುವಾಗಿ ಕೆತ್ತಿಸಬಹುದು; ಪಟ್ಟಿಗಳ ನಡುವಿನ ಮೈಕಾವನ್ನು ಕೊರೆದು ತಗ್ಗಿಸಬೇಕೋ ಬೇಡವೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ, ಮೋಟಾರಿನ ಮೇಲಿನ ತಗಡಿನ ಸಂಖ್ಯೆಗೆ ಹೊಂದುವ ಕೈಪಿಡಿಯ ಮಾತನ್ನೇ ಕೇಳಿ. ಪಟ್ಟಿಗಳ ತುದಿಯಲ್ಲಿ ಬೆಸುಗೆ ಕರಗಿ ಹೊರಕ್ಕೆ ಸಿಡಿದಿದ್ದರೆ, ಯಾರೋ ಬಹಳ ಹೊತ್ತು ಬಿಡದೆ ಸೆಲ್ಫ್ ಹೊಡೆದಿದ್ದಾರೆ ಎಂದರ್ಥ. ಒಂದೆರಡು ಪಟ್ಟಿಗಳು ಮಾತ್ರ ಸುಟ್ಟು ಕಪ್ಪಾಗಿದ್ದರೆ ಆ ಸುರುಳಿಯ ಸಂಪರ್ಕ ಕಡಿದಿದೆ. ಇಷ್ಟನ್ನು ಕಣ್ಣಿನಿಂದಲೇ ನೋಡಬಹುದು. ಸುರುಳಿಗಳ ನಡುವಿನ ಶಾರ್ಟ್ ಪತ್ತೆಹಚ್ಚಲು ಮಾತ್ರ ವೈಂಡಿಂಗ್ ಮಾಡುವವರ ಬಳಿಯ ಗ್ರೌಲರ್ ಯಂತ್ರ ಬೇಕು. ಫೀಲ್ಡ್ ಕಾಯಿಲ್‌ಗಳಿಗೆ ಸುತ್ತಿದ ಹತ್ತಿಯ ಪಟ್ಟಿ ಇಷ್ಟು ವರ್ಷಗಳಲ್ಲಿ ಪುಡಿಯಾಗಿರುವ ಸಂಭವ ಹೆಚ್ಚು. ತಾಮ್ರ ಚೆನ್ನಾಗಿದ್ದರೆ ಹೊಸ ಪಟ್ಟಿ ಸುತ್ತಿ ವಾರ್ನಿಷ್ ಹಾಕಿಸಿದರೆ ಸಾಕು, ಹೊಸ ಕಾಯಿಲ್ ಬೇಕಿಲ್ಲ.

ಕಾರ್ಬನ್‌ಗಳ ವಿಷಯದಲ್ಲಿ ಒಂದು ಅನುಭವ ಹೇಳಬೇಕು. ಒಮ್ಮೆ ನನ್ನ ಬಳಿಗೆ ಬಂದ ಮೋಟಾರೊಂದು ಬೇರೆಲ್ಲೋ ರಿಪೇರಿಯಾಗಿ, ಅಂದವಾಗಿ ಪೇಂಟ್ ಆಗಿ ಬಂದಿತ್ತು. ಮೇಜಿನ ಮೇಲೆ ಖಾಲಿಯಾಗಿ ಹಾಡುತ್ತಾ ತಿರುಗುತ್ತಿತ್ತು, ಗಾಡಿಗೆ ಹಾಕಿದರೆ ಇಂಜಿನ್ನನ್ನು ಅಲುಗಾಡಿಸುವುದಕ್ಕೂ ಆಗುತ್ತಿರಲಿಲ್ಲ. ಒಳಗೆ ಹಾಕಿದ್ದು ಬೇರೆ ಯಾವುದೋ ಮೋಟಾರಿನ ಬರೀ ಕಾರ್ಬನ್. 6 ವೋಲ್ಟಿನ ಸೆಲ್ಫ್ ಮೋಟಾರಿಗೆ ತಾಮ್ರದ ಪಾಲು ಹೆಚ್ಚಿರುವ, ಕೆಂಪು ಛಾಯೆಯ ಬ್ರಷ್‌ಗಳೇ ಬೇಕು. ಇಲ್ಲದಿದ್ದರೆ ಇರುವ ಅಲ್ಪ ವೋಲ್ಟೇಜೂ ಅವುಗಳಲ್ಲೇ ಕಳೆದುಹೋಗುತ್ತದೆ. ಸಾಲದ್ದಕ್ಕೆ, ಮೋಟಾರ್ ಬೆಲ್ ಹೌಸಿಂಗಿಗೆ ತಾಗುವ ಮುಖಕ್ಕೂ ದಪ್ಪವಾಗಿ ಪೇಂಟ್ ಹೊಡೆದಿದ್ದರು. ಮೋಟಾರಿನ ಅರ್ತ್ ಆ ಮುಖದ ಮೂಲಕವೇ ಹೋಗಬೇಕು. ನೀವು ಯಾರಿಗೇ ಕೆಲಸ ಕೊಟ್ಟರೂ ಈ ಎರಡನ್ನು ಮೊದಲೇ ಹೇಳಿಬಿಡಿ.

ಬೆಂಡಿಕ್ಸಿಗೆ ಗ್ರೀಸ್ ಬಳಿಯುವುದು ಪ್ರೀತಿಯಿಂದ ಮಾಡುವ ತಪ್ಪು. ಮೈನಸ್ 30 ಡಿಗ್ರಿಯಲ್ಲಿ ಆ ಗ್ರೀಸ್ ಮೇಣದಂತೆ ಗಟ್ಟಿಯಾಗಿ, ಕ್ಲಚ್ಚಿನ ಧೂಳನ್ನೂ ಹಿಡಿದುಕೊಂಡು, ಪಿನಿಯನ್ ಸರಿಯದಂತೆ ಮಾಡುತ್ತದೆ. ಆಗ ಮೋಟಾರ್ ಒಳಗೇ ಗುಂಯ್ ಎಂದು ತಿರುಗುತ್ತದೆ, ಇಂಜಿನ್ ಮಾತ್ರ ಕದಲುವುದಿಲ್ಲ. ತಿರುಪಿನ ಭಾಗವನ್ನು ತೊಳೆದು ಒಣಗಿಸಿಯೇ ಬಿಡಿ, ಹೆಚ್ಚೆಂದರೆ ಒಣ ಗ್ರಾಫೈಟ್ ಪುಡಿ ಸವರಿ.

ಜೋಡಿಸಿದ ಮೋಟಾರನ್ನು ಗಾಡಿಗೆ ಹಾಕುವ ಮುನ್ನ ವೈಸಿನಲ್ಲಿ ಬಿಗಿದು 6 ವೋಲ್ಟಿನಲ್ಲಿ ಮಾತ್ರ, ಕೆಲವೇ ಸೆಕೆಂಡು ತಿರುಗಿಸಿ ನೋಡಿ. ಈ ಬಗೆಯ ಮೋಟಾರಿಗೆ ಹೊರೆಯಿಲ್ಲದಿದ್ದರೆ ವೇಗಕ್ಕೆ ಮಿತಿಯಿರುವುದಿಲ್ಲ. ಮೇಜಿನ ಮೇಲೆ 12 ವೋಲ್ಟ್ ಕೊಟ್ಟರೆ ಆರ್ಮೇಚರಿನ ಸುರುಳಿಗಳು ಕಿತ್ತು ಹೊರಬರುವಷ್ಟು ವೇಗ ಹಿಡಿಯಬಹುದು.

ಹಾಗಾದರೆ ಬದಲಿಸುವ ದಾರಿಗಳು ಕೆಟ್ಟವೇ? ಹಾಗೇನಿಲ್ಲ. ಆರ್ಮೇಚರ್ ಪೂರ್ತಿ ಹಾಳಾಗಿದ್ದರೆ, ಇದೇ ಕ್ರೈಸ್ಲರ್ ಇಂಜಿನ್ನಿನ ಕುಟುಂಬದ ಇನ್ನೊಂದು ಹಳೆಯ ಮೋಟಾರ್ ಹುಡುಕುವುದು ಜಾಣತನ. ಕಾರು, ಲಾರಿ, ಕೈಗಾರಿಕಾ ಯಂತ್ರ ಹೀಗೆ ಹಲವು ಕಡೆ ಈ ಇಂಜಿನ್ ದಶಕಗಳ ಕಾಲ ದುಡಿದಿರುವುದರಿಂದ ಬಿಡಿಭಾಗಗಳು ಇನ್ನೂ ಸಿಗುತ್ತವೆ. ಅಪಾಯವೂ ಅಲ್ಲೇ ಇದೆ. ಇಂಜಿನ್ ಒಂದೇ ಆದರೂ ಬೆಲ್ ಹೌಸಿಂಗ್ ಮತ್ತು ಫ್ಲೈವೀಲ್ ಬೇರೆ ಬೇರೆ. ಪಿನಿಯನ್ನಿನ ಹಲ್ಲುಗಳ ಸಂಖ್ಯೆ, ಹಲ್ಲಿನ ಗಾತ್ರ, ತಿರುಗುವ ದಿಕ್ಕು, ಮೂತಿಯ ಉದ್ದ, ಬೋಲ್ಟ್ ರಂಧ್ರಗಳ ಅಂತರ ಇವಿಷ್ಟನ್ನೂ ಹಳೆಯ ಮೋಟಾರನ್ನು ಪಕ್ಕದಲ್ಲಿಟ್ಟು ಹೋಲಿಸಿಯೇ ಹಣ ಕೊಡಿ. ಬದಲಿ ಮೋಟಾರ್ ಕೊಡುವವರು ನಿಮ್ಮದನ್ನು ವಾಪಸು ಕೇಳುತ್ತಾರೆ. ಹೊಸದು ಕೂತು ಕೆಲಸ ಮಾಡುವವರೆಗೆ ಹಳೆಯದನ್ನು ಕೈಬಿಡಬೇಡಿ.

ಗೇರ್ ರಿಡಕ್ಷನ್ ಮೋಟಾರಿನ ಗುಣಗಳು ನಿಜವಾದವು. ಸಣ್ಣ ಮೋಟಾರ್ ವೇಗವಾಗಿ ತಿರುಗಿ, ಒಳಗಿನ ಗೇರಿನ ಮೂಲಕ ಬಲ ಹೆಚ್ಚಿಸಿಕೊಳ್ಳುವುದರಿಂದ ಕರೆಂಟ್ ಕಡಿಮೆ ಸಾಕು, ತೂಕವೂ ಕಡಿಮೆ. ಆದರೆ ನಿಮಗೆ ಅದು ಬೇಕೆಂದರೆ 12 ವೋಲ್ಟೂ ನೆಗೆಟಿವ್ ಅರ್ತೂ ಬಹುತೇಕ ಜೊತೆಗೇ ಬರುತ್ತವೆ, ಮತ್ತು ಅದನ್ನು ಕೂರಿಸಲು ಕೊರೆದು ಮಾಡಿದ ಅಡಾಪ್ಟರ್ ಪ್ಲೇಟ್ ಒಂದು ಮಿಲಿಮೀಟರ್ ತಪ್ಪಿದರೂ ಹಲ್ಲುಗಳ ಕೂಡಿಕೆ ಕೆಡುತ್ತದೆ. ಹೊಸ ಪಿನಿಯನ್ ಪೆಟ್ಟು ತಿಂದ ರಿಂಗ್ ಗೇರಿನ ಮೇಲೆ ಕೆಲಸ ಶುರುಮಾಡಿದರೆ ಬೇಗನೆ ಅದೂ ಹಾಳಾಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಹಳೆಯ ಮೋಟಾರನ್ನು ಬಿಚ್ಚಿಸಿ ಬುಷ್, ಬ್ರಷ್, ಫೀಲ್ಡ್ ಕಾಯಿಲಿನ ಹೊದಿಕೆ ಮೂರನ್ನೂ ಹೊಸದು ಮಾಡಿಸಿ, 6 ವೋಲ್ಟಿನಲ್ಲೇ ಉಳಿಸಿಕೊಂಡು, ಕೇಬಲಿಗೆ ಕೈತುಂಬಾ ಖರ್ಚು ಮಾಡುತ್ತಿದ್ದೆ.

ರಿಂಗ್ ಗೇರನ್ನು ಮೋಟಾರ್ ಹೊರಗಿರುವಾಗಲೇ ಪರೀಕ್ಷಿಸಿ. ಆರು ಸಿಲಿಂಡರಿನ ಇಂಜಿನ್ ನಿಲ್ಲಿಸಿದಾಗ ಒತ್ತಡದ ಕಾರಣದಿಂದ ಸದಾ ಮೂರು ಜಾಗಗಳಲ್ಲಿ ಒಂದರಲ್ಲೇ ಬಂದು ನಿಲ್ಲುತ್ತದೆ, ಆದ್ದರಿಂದ ಸವೆತವೂ 120 ಡಿಗ್ರಿ ಅಂತರದ ಆ ಮೂರು ಕಡೆಗಳಲ್ಲೇ ಇರುತ್ತದೆ. ಆಗಾಗ ಮಾತ್ರ ಸದ್ದು ಬಂದು ಎರಡನೆಯ ಬಾರಿಗೆ ಸರಿಹೋಗುವುದು ಇದಕ್ಕೆ ಹೊಂದುತ್ತದೆ. ಇಂಜಿನ್ನನ್ನು ನಿಧಾನವಾಗಿ ಕೈಯಿಂದ ತಿರುಗಿಸುತ್ತಾ ರಂಧ್ರದ ಮೂಲಕ ಟಾರ್ಚ್ ಬಿಟ್ಟು ಪ್ರತಿ ಹಲ್ಲನ್ನೂ ನೋಡಿ, ಕೆಟ್ಟ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಅಂಚು ಮಾತ್ರ ಮೊಂಡಾಗಿದ್ದರೆ ಸಣ್ಣ ಅರದಿಂದ ಸರಿಪಡಿಸಿ ಕೆಲವು ವರ್ಷ ದೂಡಬಹುದು. ಹಲ್ಲಿನ ಮೂರನೆಯ ಒಂದು ಭಾಗ ಹೋಗಿದ್ದರೆ ಗೇರ್ ಬದಲಿಸಲೇಬೇಕು, ಅದಕ್ಕೆ ಇಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕು. ಹೊಸ ರಿಂಗನ್ನು ಸುಮಾರು 200 ಡಿಗ್ರಿಗೆ ಸಮನಾಗಿ ಕಾಯಿಸಿ, ಹಿಗ್ಗಿದಾಗ ಫ್ಲೈವೀಲಿನ ಮೇಲೆ ಇಳಿಸಿ ತಣಿಯಲು ಬಿಡುತ್ತಾರೆ. ಗ್ಯಾಸ್ ಕಟರಿನಿಂದ ಒಂದೇ ಕಡೆ ಕೆಂಪಗೆ ಕಾಯಿಸಿದರೆ ಹಲ್ಲುಗಳ ಗಡಸುತನ ಹೋಗಿಬಿಡುತ್ತದೆ, ಆದ್ದರಿಂದ ಈ ಕೆಲಸವನ್ನು ಒಲೆಯಲ್ಲಿ ಕಾಯಿಸುವ ವರ್ಕ್‌ಶಾಪಿಗೇ ಕೊಡಿ.

ಕೊನೆಯದಾಗಿ ಮಕ್ಕಳ ಮಾತು. ರಿಪೇರಿ ಮುಗಿಯುವವರೆಗೆ ಸರೋವರದ ಮೇಲೆ ಈ ಗಾಡಿಯನ್ನು ಒಂಟಿಯಾಗಿ ಒಯ್ಯಬೇಡಿ. ಇನ್ನೊಂದು ವಾಹನ ಜೊತೆಗಿರಲಿ. ಮತ್ತೆ ಹತ್ತಿಕೊಳ್ಳದಿದ್ದರೆ ಎಂಬ ಭಯದಿಂದ ಮೀನು ಹಿಡಿಯುವಷ್ಟು ಹೊತ್ತೂ ಇಂಜಿನ್ನನ್ನು ಓಡುತ್ತಲೇ ಬಿಡುವ ಮನಸ್ಸಾಗುತ್ತದೆ, ಅದು ಸಹಜ. ಆದರೆ ಬಿ12ರಲ್ಲಿ ಇಂಜಿನ್ ಇರುವುದು ಜನ ಕೂರುವ ಮೈಯೊಳಗೆಯೇ, ಹಿಂಭಾಗದಲ್ಲಿ. ಸೈಲೆನ್ಸರಿನ ಜೋಡಣೆಯಲ್ಲಿ ಸಣ್ಣ ಸೋರಿಕೆಯಿದ್ದರೂ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್ನಿನಲ್ಲಿ ತುಂಬಿಕೊಳ್ಳುತ್ತದೆ. ಇಂಜಿನ್ ಓಡುತ್ತಾ ನಿಂತ ಗಾಡಿಯಲ್ಲಿ ಮಕ್ಕಳನ್ನು ಮಲಗಿಸಬೇಡಿ, ಬ್ಯಾಟರಿಯಿಂದ ನಡೆಯುವ ಮೊನಾಕ್ಸೈಡ್ ಅಲಾರಂ ಒಂದನ್ನು ಸೀಟಿನ ಎತ್ತರದಲ್ಲಿ ಇಂದೇ ಕಟ್ಟಿಬಿಡಿ. ಸೆಲ್ಫನ್ನು ಒಂದು ಬಾರಿಗೆ 15 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಎರಡು ನಿಮಿಷ ತಣಿಯಲು ಬಿಡಿ. ಕೇಬಲ್ ಬದಲಿಸುವ ಮೊದಲಿನ ಮತ್ತು ನಂತರದ ಮೂರೂ ಅಳತೆಗಳನ್ನು ಬರೆದು ಕಳುಹಿಸಿದರೆ, ಮೋಟಾರ್ ಬಿಚ್ಚುವ ಅಗತ್ಯ ಎಷ್ಟಿದೆಯೆಂದು ಅಂಕಿಗಳನ್ನು ನೋಡಿ ಹೇಳುತ್ತೇನೆ.